ಮುಡಿಪಿನೊಳಗಿನ ಹುಡುಗಿ

ಅರಿಶಿನದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಗಂಟು, ಗೋಡೆಯ ಗೂಡಿನಲ್ಲಿ ಮಾರಮ್ಮನ ಪಟದ ಮುಂದೆ ಇನ್ನೂ ತೊಟ್ಟಿಕ್ಕುತ್ತಿತ್ತು. ಅದರೊಳಗೆ ಒಂದು ಬೆಳ್ಳಿಯ ನಾಣ್ಯ. ಮೊಮ್ಮಗಳು ಸುಧಾ ಹೊಸೂರಿನ ಆಸ್ಪತ್ರೆಯಿಂದ ತನ್ನ ಕಾಲಮೇಲೆ ನಡೆದು ಮನೆಗೆ ಬರುವವರೆಗೆ ಆ ಮುಡಿಪನ್ನು ಯಾರೂ ಬಿಚ್ಚುವಂತಿಲ್ಲ. ಬಂದಮೇಲೆ ಅವಳ ಕೈಯಿಂದಲೇ, ಕಟ್ಟಿದ ಗಂಟಾಗಿಯೇ, ಅಮ್ಮನ ಹುಂಡಿಗೆ ಹಾಕಿಸಬೇಕು. ನಡುವೆ ಬಿಚ್ಚಿದರೆ ಹರಕೆ ಮುರಿಯಿತು. ಹರಕೆ ಮುರಿದರೆ ಮಗು ಉಳಿಯುವುದಿಲ್ಲ. ಅಶ್ವತ್ಥಮ್ಮನಿಗೆ ಇದರಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ.

ಎರಡು ದಿನದಿಂದ ಹೊಟ್ಟೆನೋವೆಂದು ನರಳುತ್ತಿದ್ದ ಹುಡುಗಿ ಆ ಬೆಳಿಗ್ಗೆ ಪ್ರಜ್ಞೆ ತಪ್ಪಿದ್ದಳು. ಮಗ ಅರುಣ್‌ಕುಮಾರ್ ಮತ್ತು ಸೊಸೆ ವರಲಕ್ಷ್ಮಿ ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೊರಟಾಗ ತಳಿ ಊರಿನ ಕೋಸಿನ ಹೊಲಗಳ ಮೇಲೆ ಮಂಜು ಕರಗಿರಲಿಲ್ಲ. ಆಮೇಲೆ ಅರುಣನ ಫೋನು ಬಂತು: ಅಪೆಂಡಿಕ್ಸ್ ಒಡೆದಿದೆ, ಈಗಲೇ ಆಪರೇಷನ್. ಮುದುಕಿ ಮನೆಯೆಲ್ಲ ಬೆಳ್ಳಿ ಹುಡುಕಿದಳು. ಕೊನೆಗೆ ಸಿಕ್ಕಿದ್ದು ಮಗನ ಮೇಜಿನ ಮೇಲೆ, ಪ್ಲಾಸ್ಟಿಕ್ ಡಬ್ಬಿಯೊಳಗೆ ಹೊಳೆಯುತ್ತಿದ್ದ ದೊಡ್ಡ ಬಿಲ್ಲೆ. ಅದರ ಮೇಲೆ ತಲೆಗೆ ವಸ್ತ್ರ ಸುತ್ತಿದ ಹೆಣ್ಣೊಬ್ಬಳ ಮುಖ. ಅವಳು ಎತ್ತಲೋ ಹೊರಟವಳು ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದಳು.

ಅಶ್ವತ್ಥಮ್ಮ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಿದ್ದಳು. ಬೆಳಗಿನಿಂದ ಅವಳು ಬೇಡಿದ್ದು ಅದೊಂದನ್ನೇ: ‘ತಾಯೀ, ಇತ್ತ ತಿರುಗಿ ನೋಡು.’ ಡಬ್ಬಿ ಬಿಚ್ಚಲು ಬರಲಿಲ್ಲ. ಈಳಿಗೆಮಣೆಗೆ ಒತ್ತಿ ಒಡೆದಳು.

ಈಗ ಹೊರಗೆ ನಾಯಿ ಬೊಗಳಿತು. ಬಾಗಿಲಲ್ಲಿ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಎಪ್ಪತ್ತರ ಹಿರಿಯರೊಬ್ಬರು ನಿಂತಿದ್ದರು. ಕೆಲಮಂಗಲದ ಚೆನ್ನಕೇಶವ, ಅರುಣನಿಗೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಮೇಷ್ಟ್ರು.

“ಅರುಣ ಇದಾನೇನಮ್ಮ? ಇವತ್ತು ಬನ್ನಿ ಅಂದಿದ್ದ. ನನ್ನ ನಾಣ್ಯಕ್ಕೆ ತೇಗದಲ್ಲಿ ಸ್ಟ್ಯಾಂಡ್ ಮಾಡಿಕೊಡ್ತೀನಿ ಅಂತ ಅಳತೆಗೆ ತಂದಿದ್ದ.”

ಅಶ್ವತ್ಥಮ್ಮ ಗೂಡಿನತ್ತ ಒಮ್ಮೆ ನೋಡಿದಳು. “ಯಾವ ನಾಣ್ಯ ಮೇಷ್ಟ್ರೇ?”

“ಬೆಳ್ಳೀದು. ತಲೆಗೆ ನೀಲಿ ಬಟ್ಟೆ ಸುತ್ತಿಕೊಂಡಿರೋ ಹುಡುಗಿ. ಕಿವೀಲಿ ಒಂದು ಮುತ್ತು.”

“ಹುಡ್ಗೀನಾ? ಅದು ಅಮ್ಮ ಅಲ್ವಾ?”

“ಯಾವ ಅಮ್ಮ? ಮುನ್ನೂರೈವತ್ತು ವರ್ಷದ ಹಿಂದೆ ಡಚ್ಚರ ದೇಶದಲ್ಲಿ ಒಬ್ಬ ಬರೆದ ಚಿತ್ರ ಕಣಮ್ಮ ಅದು. ಈಗಿನವರು ಬಣ್ಣ ಸಮೇತ ನಾಣ್ಯಕ್ಕೆ ಇಳಿಸಿದಾರೆ.” ಮಾತು ಅಲ್ಲಿಗೇ ನಿಂತಿತು. ಈಳಿಗೆಮಣೆಯ ಪಕ್ಕದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ಕಿನ ಚೂರುಗಳು ಅವರಿಗೆ ಕಂಡಿದ್ದವು. “ಇದನ್ನ ಯಾರು ಒಡೆದದ್ದು?”

“ನಾನೇಯ. ತಾಯೀನ ಪಲಾಸ್ಟಿಕ್‌ನಾಗೆ ಕೂಡಾಕಿದ್ರೆ ಉಸ್ರು ಎಂಗಾಡ್ತಾಳೆ?”

ಮೇಷ್ಟ್ರ ಕಣ್ಣು ಗೂಡಿನತ್ತ ಹೊರಳಿತು. ಹಳದಿ ಹನಿಯೊಂದು ಗೋಡೆಯ ಸುಣ್ಣದ ಮೇಲೆ ಇಳಿಯುತ್ತಿತ್ತು.

“ಅರಿಶಿನ! ಒದ್ದೆ ಅರಿಶಿನದಲ್ಲಿ ಕಟ್ಟಿದೀರಾ? ಅದನ್ನ ನಾನು ಬರಿಗೈಲಿ ಮುಟ್ಟಿದವನಲ್ಲ. ಬೆರಳು ತಾಗಿದರೂ ಗುರುತು ಉಳಿಯುತ್ತೆ. ಬಿಡಿ, ದಾರಿ ಬಿಡಿ, ಬಣ್ಣ ತಿಂದುಹೋಗುತ್ತೆ!”

ಅವರು ಚಪ್ಪಲಿ ಕಳಚಿ ಒಳನುಗ್ಗುವಷ್ಟರಲ್ಲಿ ಅಶ್ವತ್ಥಮ್ಮ ಗೂಡಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ಮುಟ್ಬ್ಯಾಡಿ. ನಮ್ ಸುಧಾ ಆಸ್ಪತ್ರೇಲವ್ಳೆ. ಈಗ ಒಳೀಕೆ ಕರ್ಕೊಂಡೋಗವ್ರೆ. ಅವ್ಳ ಎಸ್ರಾಗೆ ಕಟ್ಟಿರೋ ಮುಡಿಪು ಇದು.”

ಮೇಷ್ಟ್ರ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. “ಸುಧಾಗಾ? ಏನಾಯ್ತು?”

ಅವಳು ಹೇಳಿದಳು. ಮೇಷ್ಟ್ರು ಬೆವರು ಒರೆಸಿಕೊಂಡು ತಮ್ಮ ಬೆರಳಿನ ಉಂಗುರವನ್ನು ತಿರುಗಿಸಿ ತಿರುಗಿಸಿ ಎಳೆದರು. “ನೋಡಿ, ಇದೂ ಬೆಳ್ಳೀನೇ. ಇದನ್ನ ಕಟ್ಟಿ. ಅದನ್ನ ಬಿಚ್ಚಿ ಕೊಡಿ. ದೇವರಿಗೆ ಎಲ್ಲಾ ಒಂದೇ ಅಲ್ವೇನಮ್ಮ?”

“ಅಲ್ಲಿ ಮಗೀನ ಒಟ್ಟೆ ಬಿಚ್ಕೊಂಡು ಮಡಗವ್ರೆ. ಇಲ್ಲಿ ಗಂಟು ಬಿಚ್ಚು ಅಂತೀರಲ್ಲ ಮೇಷ್ಟ್ರೇ!”

ಮೇಷ್ಟ್ರು ಉಂಗುರವನ್ನು ಮತ್ತೊಮ್ಮೆ ಎಳೆದರು. ಅದು ಗೆಣ್ಣಿನಲ್ಲೇ ಸಿಕ್ಕಿಕೊಂಡಿತ್ತು. ಆದರೆ ತಡೆದು ಗೆದ್ದವಳ ಮುಖ ಬಿಳುಪೇರುತ್ತಿರುವುದನ್ನು ಮೇಷ್ಟ್ರು ಕಂಡರು. ಅಶ್ವತ್ಥಮ್ಮ ಗೋಡೆ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತಳು.

“ನಮ್ದು ಅಂದ್ಕೊಂಡೆ. ಕಂಡೋರ ಬೆಳ್ಳೀಲಿ ಮುಡಿಪು ಕಟ್ಟಂಗಿಲ್ಲ. ನಮ್ಮತ್ತೆ ಯೋಳೋರು, ಅದು ಅಮ್ಮಂಗೆ ಕದ್ದ ಮಾಲು ಕೊಟ್ಟಂಗೆ ಅಂತ. ಬಿಚ್ಚಂಗೂ ಇಲ್ಲ, ಮಡಗಂಗೂ ಇಲ್ಲ. ಏನ್ ಮಾಡ್ಬುಟ್ಟೆ ನಾನು!” ಅವಳು ತಲೆಯೆತ್ತಿದಳು. “ಮೇಷ್ಟ್ರೇ, ಕೊಟ್ಟೆ ಅನ್ನಿ. ಒಂದ್ ಮಾತು. ಆಗ ಅದು ನಮ್ದಾಯ್ತದೆ.”

ಒಂದು ಮಾತು. ಅಂದುಬಿಡಬಹುದಿತ್ತು. ಈ ಗಳಿಗೆ ದಾಟಲಿ, ನಾಳೆ ಅರುಣನಿಗೆ ತಿಳಿಹೇಳಿ ಹಿಂದಕ್ಕೆ ಪಡೆದರಾಯಿತು. ಅವರು ಬಾಯಿ ತೆರೆಯುವ ಮೊದಲೇ ಅವಳೆಂದಳು:

“ಬಾಯ್ಮಾತಿಗೆ ಬ್ಯಾಡಿ. ಆಮ್ಯಾಕೆ ಅರುಣನ್ ತಾವ ಇಸ್ಕಳಾನ ಅಂತ ಮನ್ಸಾಗೆ ಇದ್ರೆ ಅನ್ನಲೇಬ್ಯಾಡಿ. ಅಮ್ಮಂಗೆ ಗೊತ್ತಾಯ್ತದೆ.”

ಮೇಷ್ಟ್ರು ಮುಖ ತಿರುಗಿಸಿದರು. ಮೂವತ್ತು ವರ್ಷ ಅವರು ಮಕ್ಕಳಿಗೆ ಮಾವಿನಕಾಯಿ, ಹೂಜಿ, ಬೆಟ್ಟದ ಹಿಂದಿನ ಸೂರ್ಯ ಬರೆಯುವುದನ್ನು ಕಲಿಸಿದ್ದರು. ಲೋಕದ ದೊಡ್ಡ ಚಿತ್ರಗಳನ್ನೆಲ್ಲ ಕಂಡದ್ದು ಮಾಸಿದ ಅಚ್ಚಿನಲ್ಲಿ. ಅವು ತೂಗುವ ಕಡಲಾಚೆಯ ಗೋಡೆಗಳ ಮುಂದೆ ತಾವೆಂದೂ ನಿಲ್ಲಲಾರೆವೆಂಬುದು ಖಚಿತವಾದ ಮೇಲೆ, ಆ ಚಿತ್ರಗಳನ್ನು ಅಚ್ಚೊತ್ತಿದ ನಾಣ್ಯಗಳನ್ನು ವರ್ಷಕ್ಕೊಂದರಂತೆ ತರಿಸತೊಡಗಿದ್ದರು. ಈ ಹುಡುಗಿ ಮಾತ್ರ ಉಳಿದವುಗಳ ಹಾಗಲ್ಲ. ಸಂಜೆ ಕಿಟಕಿಯ ಬಳಿ ಹಿಡಿದರೆ ಬೆಳ್ಳಿಯ ಬೆಳಕಿನಿಂದ ಅವಳು ಆಗತಾನೇ ಕರೆ ಕೇಳಿಸಿಕೊಂಡವಳಂತೆ ಹೊರಳುತ್ತಿದ್ದಳು. ಹೆಂಡತಿ ಹೋದ ಮೇಲೆ ಕೆಲಮಂಗಲದ ಮನೆಯಲ್ಲಿ ಅವರತ್ತ ಹೊರಳುವ ಮುಖ ಅದೊಂದೇ.

ಫೋನು ಹೊಡೆದುಕೊಂಡಿತು. ಅಶ್ವತ್ಥಮ್ಮ ಎರಡು ಸಲ ಒತ್ತಿದರೂ ಗುಂಡಿ ತಪ್ಪಿತು. ಮೇಷ್ಟ್ರೇ ಒತ್ತಿಕೊಟ್ಟರು.

“ಅವ್ವಾ,” ಅರುಣನ ದನಿ ಕೋಣೆಯೆಲ್ಲ ಕೇಳಿಸಿತು, “ಇನ್ನೂ ಒಳಗೇ ಅವ್ಳೆ. ಒಟ್ಟೆ ತುಂಬ ಕೀವು ಅರಡೈತಂತೆ. ಹೊತ್ತಾಯ್ತದೆ ಅಂದ್ರು. ಏನೂ ಯೋಳಕಾಗಲ್ಲ ಅಂದ್ರು ಅವ್ವಾ…”

ಕರೆ ಕಡಿಯಿತು. ಅವಳು ಅಳಲಿಲ್ಲ. ಮತ್ತೆ ಬೇಡಲೂ ಇಲ್ಲ. ಕಣ್ಣನ್ನು ಮಾತ್ರ ಮೇಷ್ಟ್ರ ಮುಖದಿಂದ ಕೀಳದೆ ಕುಳಿತಳು.

“ಕೊಟ್ಟೆ,” ಎಂದರು ಚೆನ್ನಕೇಶವ. ಸಾಲದೆಂಬಂತೆ ಇನ್ನೊಮ್ಮೆ ಹೇಳಿದರು. “ಕೊಟ್ಟೆ ಕಣಮ್ಮ. ಸಂತೋಷದಿಂದ ಕೊಟ್ಟೆ ಅಂದರೆ ಸುಳ್ಳಾಗುತ್ತೆ. ಆದರೆ ವಾಪಸ್ ಕೇಳಲ್ಲ. ಅರುಣನ್ನೂ ಕೇಳಲ್ಲ.”

“ಅಷ್ಟು ಸಾಕು.”

ಅವಳು ಒಳಗೆ ಹೋಗಿ ಮೊರದ ತುಂಬ ರಾಗಿ ತಂದು ಅವರ ಬಟ್ಟೆಯ ಚೀಲಕ್ಕೆ ಸುರಿದಳು. “ಬರಿಗೈಲಿ ಇಸ್ಕೊಂಡ್ರೆ ಬಿಕ್ಸೆ ಆಯ್ತದೆ. ಹಿಡೀರಿ ನೆಟ್ಟಗೆ, ಚೆಲ್ತದೆ.” ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದರು.

ಬಳಿಕ ಇಬ್ಬರೂ ಕುಳಿತರು, ಫೋನನ್ನು ನಡುವೆ ನೆಲದ ಮೇಲಿಟ್ಟುಕೊಂಡು. ಬಿಸಿಲು ಹೊಸ್ತಿಲಿಂದ ಹಿಂದೆ ಸರಿಯಿತು. ಗಂಟಿನಿಂದ ಹನಿ ಬೀಳುವುದು ನಿಂತಿತು. ರಸ್ತೆಯಲ್ಲಿ ಯಾವುದೋ ಜೀಪು ಸದ್ದು ಮಾಡಿದಾಗಲೆಲ್ಲ ಇಬ್ಬರೂ ಒಟ್ಟಿಗೇ ಬೆಚ್ಚುತ್ತಿದ್ದರು. ಒಣಗಿದ ಅರಿಶಿನ ಈಗ ಲೋಹದ ಮೇಲೆ ಏನು ಮಾಡುತ್ತಿರಬಹುದೆಂದು ಯೋಚಿಸುತ್ತಿದ್ದ ಮೇಷ್ಟ್ರು, ಯಾವಾಗಲೋ ಅದನ್ನು ಮರೆತು ಫೋನಿನ ಕಪ್ಪು ಗಾಜನ್ನೇ ನೋಡತೊಡಗಿದ್ದರು.

ಅದು ಬೆಳಗಿತು.

“ಅವ್ವಾ! ಈಚಿಗೆ ತಂದ್ರು. ನರ್ಸಮ್ಮ ತಮಿಳ್ನಾಗೆ ‘ಪಾಪಾ ಕಣ್ಣು ತೊರಂದಾಚ್ಚು’ ಅಂದ್ಲು. ಕಣ್ ಬುಟ್ಟವ್ಳೆ ಅವ್ವಾ! ನೀರು ಕೇಳ್ತಾವ್ಳೆ, ಕೊಡಂಗಿಲ್ಲ ಅಂತಾರೆ, ಅದಕ್ಕೆ ಬೈತಾವ್ಳೆ!”

ಅಶ್ವತ್ಥಮ್ಮ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಒರೆಸಿದರು. ಆಮೇಲೆ ಮಕ್ಕಳಂತೆ ಸಂಕೋಚದಿಂದ ಕೇಳಿದರು:

“ಹುಂಡಿಗೆ ಹಾಕೋ ಮುಂಚೆ, ಒಂದೇ ಒಂದು ಸಲ ನೋಡಬಹುದೇನಮ್ಮ?”

ಅವಳು ಒದ್ದೆ ಮುಖದಲ್ಲೇ ಇಲ್ಲವೆಂದು ತಲೆಯಾಡಿಸಿದಳು. “ಕೊಟ್ಟೆ ಅಂದ್ರಲ್ಲ ಮೇಷ್ಟ್ರೇ.”

“ಹೌದು. ಅಂದೆ.”

“ಮಗು ಮನೀಗ್ ಬಂದ ಮೊದಲ್ನೇ ಮಂಗಳ್ವಾರ ಗುಡೀಗೋಯ್ತೀವಿ. ನೀವೂ ಬನ್ನಿ. ಅವ್ಳ ಪಕ್ಕದಾಗೆ ನಿಂತ್ಕೊಳ್ರಂತೆ.”

ಚೆನ್ನಕೇಶವ ಎದ್ದು ಚಪ್ಪಲಿ ಮೆಟ್ಟಿದರು. ರಾಗಿಯ ಚೀಲವನ್ನು ಹೆಗಲಿಗೇರಿಸಿಕೊಂಡರು.

“ಮಗು ಮನೆಗೆ ಬಂದ ದಿನ ನೋಡೋಕೆ ಬರ್ತೀನಿ. ಗುಡಿಗೆ ಬರಲ್ಲಮ್ಮ. ಅದು ಹುಂಡಿಗೆ ಬೀಳೋದನ್ನ ನೋಡೋ ಅಷ್ಟು ಗಟ್ಟಿಯಿಲ್ಲ ನಾನು.”

ಅವಳು ಒತ್ತಾಯಿಸಲಿಲ್ಲ. ಬೇಲಿಯ ತನಕ ಜೊತೆಗೆ ಬಂದು, ನಾಯಿಯನ್ನು ಗದರಿಸಿ ಹಿಡಿದುಕೊಂಡಳು. ಮೇಷ್ಟ್ರು ಹೆಗಲ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿಕೊಂಡು, ಕೋಸಿನ ಹೊಲದ ಅಂಚಿನಲ್ಲಿ ಕೆಲಮಂಗಲದ ಬಸ್ಸಿನತ್ತ ನಡೆದರು.