ಮಾತ್ರೆ ಹಾಕಿದ ನೀರು

ಬೆಳಗಿನ ಹೊತ್ತು ಕನ್ನಡಕದಂಗಡಿಗೆ ಗಿರಾಕಿಗಳು ಬರುವುದು ಕಡಿಮೆ. ಅಂಗಡಿಯ ಯಜಮಾನ ಗಾಜಿನ ಕಪಾಟು ಒರೆಸಿ, ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಗೋಡೆಯ ಮೇಲಿನ ಅಕ್ಷರಗಳ ಬೋರ್ಡನ್ನು ನೆಟ್ಟಗೆ ಮಾಡಿ, ಸ್ಟೂಲಿನ ಮೇಲೆ ಕೂತು ಫೋನು ಕೈಗೆತ್ತಿಕೊಂಡನೆಂದರೆ ಅವನ ನಿಜವಾದ ದಿನಚರಿ ಆಗ ಶುರುವಾಗುತ್ತಿತ್ತು.

ಅವನಿದ್ದ ನಾಲ್ಕಂತಸ್ತಿನ ಕಟ್ಟಡದಲ್ಲಿ ಎಲ್ಲರೂ ಅವನನ್ನು ಕನ್ನಡಕದಣ್ಣ ಎನ್ನುತ್ತಿದ್ದರು. ಕಟ್ಟಡದವರ ವಾಟ್ಸಾಪ್ ಗುಂಪು ಕಟ್ಟಿದವನು ಅವನೇ, ಅದನ್ನು ಸಾಕಿ ಬೆಳೆಸಿದವನೂ ಅವನೇ. ಎಡಗಿವಿಗೆ ಫೋನು ಹಿಡಿದರೆ ಹೃದಯಕ್ಕೆ ತೊಂದರೆ, ನಿಂತು ನೀರು ಕುಡಿದರೆ ಮಂಡಿ ನೋವು, ನಾಳೆ ರಾತ್ರಿ ಆಕಾಶದಿಂದ ಕೆಟ್ಟ ಕಿರಣ ಬೀಳುತ್ತದೆ, ಕಿಟಕಿ ಮುಚ್ಚಿ ಮಲಗಿ. ಬಂದದ್ದನ್ನೆಲ್ಲ ಅವನು ಬಿಸಿ ಆರುವ ಮೊದಲೇ ದಾಟಿಸುತ್ತಿದ್ದ. ಯಾರಿಗೂ ಕೆಡುಕು ಬಯಸುವ ಮನುಷ್ಯನಲ್ಲ ಅವನು. ಎಲ್ಲರೂ ಚೆನ್ನಾಗಿರಲಿ ಎಂಬುದೊಂದೇ ಆಸೆ. ಚೆನ್ನಾಗಿರುವ ದಾರಿ ಎಲ್ಲರಿಗೂ ತನ್ನಿಂದಲೇ ಮೊದಲು ತಿಳಿಯಲಿ ಎಂಬುದು ಇನ್ನೊಂದು ಚಿಕ್ಕ ಆಸೆ.

ಮಳೆ ಹಿಡಿದ ಆ ವಾರ ಅವನಿಗೊಂದು ಸಂದೇಶ ಬಂತು. ‘ನೀರು ಶುದ್ಧ ಮಾಡುವ ಮಾತ್ರೆಗಳಿಂದ ಎಚ್ಚರ. ಕೂದಲು ಉದುರುತ್ತದೆ. ನೆನಪಿನ ಶಕ್ತಿ ಹೋಗುತ್ತದೆ.’ ಅಷ್ಟೇ. ಓದಿದವನಿಗೆ ಯಾಕೋ ಬೋಳು ಬೋಳಾಗಿ ಕಂಡಿತು. ಬರೀ ಗಾಜನ್ನು ಗಿರಾಕಿಯ ಕೈಗೆ ಕೊಟ್ಟು ಕಳಿಸುವ ಅಭ್ಯಾಸ ಅವನಿಗಿಲ್ಲ, ಅದಕ್ಕೊಂದು ಚೌಕಟ್ಟು ಬೇಕು. ಹಾಗಾಗಿ ಕೊನೆಯಲ್ಲಿ ತಾನೇ ಒಂದು ಸಾಲು ಸೇರಿಸಿದ: ‘ನನಗೆ ಪರಿಚಯದ ದೊಡ್ಡ ಡಾಕ್ಟರೊಬ್ಬರು ಖುದ್ದಾಗಿ ಹೇಳಿದ್ದು.’ ಕಟ್ಟಡದ ಗುಂಪಿಗೆ, ವಾಕಿಂಗ್ ಗೆಳೆಯರ ಗುಂಪಿಗೆ, ಹಿಂದಿನ ಬೀದಿಯ ಭಾವಮೈದನಿಗೆ ಕಳಿಸಿ, ಹೆಂಡತಿಗೂ ಓದಿ ಹೇಳಿದ. ಭಾವಮೈದ ಕೈಮುಗಿದ ಚಿತ್ರ ಕಳಿಸಿದ. ಅಂದು ಅವನು ತೃಪ್ತಿಯಿಂದ ಊಟ ಮಾಡಿದ.

ಎರಡು ದಿನ ಕಳೆಯುವುದರೊಳಗೆ ನದಿ ದಡ ಮೀರಿ ಬೀದಿಗೆ ಬಂತು. ನೆಲಮಹಡಿ ಮುಳುಗಿತು. ಕರೆಂಟು ಹೋಯಿತು, ನಲ್ಲಿ ನಿಂತಿತು, ಫೋನುಗಳು ಸಿಗ್ನಲ್ಲಿಲ್ಲದೆ ಸತ್ತು ಬಿದ್ದವು. ನೆಲಮಹಡಿಯ ಗ್ಯಾಸ್ ಸಿಲಿಂಡರುಗಳು ತೇಲಿಕೊಂಡು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದುದರಿಂದ ಯಾರೂ ಒಲೆ ಹಚ್ಚಬಾರದೆಂದು ದೋಣಿಯಲ್ಲಿ ಬಂದವರು ಕೂಗಿ ಹೇಳಿಹೋದರು. ನೀರು ಕುದಿಸುವ ದಾರಿಯೂ ಮುಚ್ಚಿತು. ಬಾಗಿಲ ಹೊರಗೆಲ್ಲ ನೀರೇ ನೀರು, ಕುಡಿಯಲು ಮಾತ್ರ ಗುಟುಕಿಲ್ಲ. ಮೆಟ್ಟಿಲ ಪಕ್ಕದ ಸಂಪಿನ ಬಾಯಿ ಎತ್ತರದ ಕಟ್ಟೆಯ ಮೇಲಿದ್ದುದರಿಂದ ಮುಳುಗಿರಲಿಲ್ಲ, ಆದರೆ ಒಳಗಿನ ನೀರಿಗೆ ಚರಂಡಿ ಬೆರೆತಿತ್ತು. ಆದರೂ ಅದು ತಿಳಿಯಾಗಿಯೇ ಕಾಣುತ್ತದೆಂದು ಕೆಲವರು ಬಟ್ಟೆಯಲ್ಲಿ ಸೋಸಿ ಕುಡಿದರು.

ಮರುದಿನ ಬೆಳಿಗ್ಗೆ ರಬ್ಬರ್ ದೋಣಿಯಲ್ಲಿ ನರ್ಸ್ ಬಂದಳು. ರೇನ್‌ಕೋಟು, ಕೆಂಪಾದ ಕಣ್ಣು, ಕೂಗಿ ಕೂಗಿ ಒಡೆದ ಗಂಟಲು. ಮೆಟ್ಟಿಲಲ್ಲಿ ನೆರೆದವರಿಗೆ ಬೆಳ್ಳಿ ಕಾಗದದಲ್ಲಿ ಸುತ್ತಿದ ಮಾತ್ರೆಗಳ ಪಟ್ಟಿ ತೋರಿಸಿದಳು.

“ಸಂಪಿನ ನೀರನ್ನ ನಾಲ್ಕಾಗಿ ಮಡಿಸಿದ ಬಟ್ಟೇಲಿ ಸೋಸಿ. ಇಪ್ಪತ್ತು ಲೀಟರ್ ಕ್ಯಾನಿಗೆ ಒಂದು ಮಾತ್ರೆ. ಮುಚ್ಚಿಟ್ಟು ಅರ್ಧ ಗಂಟೆ ಬಿಟ್ಟು ಕುಡೀರಿ. ಸ್ವಲ್ಪ ವಾಸನೆ ಬರುತ್ತೆ, ಬಂದ್ರೆ ಒಳ್ಳೇದೇ.”

ಒಬ್ಬರೂ ಕೈಚಾಚಲಿಲ್ಲ.

“ನಮಗೆ ಬೇಡಮ್ಮ,” ಎಂದರು ಮೂರನೇ ಮಹಡಿಯ ನಿವೃತ್ತ ಗಣಿತದ ಮೇಷ್ಟ್ರು. “ಕೂದಲು ಉದುರುತ್ತೆ, ನೆನಪಿನ ಶಕ್ತಿ ಹೋಗುತ್ತೆ. ದೊಡ್ಡ ಡಾಕ್ಟರೊಬ್ಬರೇ ಹೇಳಿದಾರೆ.”

“ಯಾವ ಡಾಕ್ಟರು?”

ಎಲ್ಲರೂ ಕನ್ನಡಕದಣ್ಣನತ್ತ ನೋಡಿದರು. ಕನ್ನಡಕದಣ್ಣ ನೀರಿನತ್ತ ನೋಡಿದ.

“ಬೀದಿ ಬೀದೀಲೂ ಇದೇ ಡಾಕ್ಟರಂತೆ,” ಎಂದಳು ನರ್ಸ್. “ಕೈಗೆ ಮಾತ್ರ ಸಿಗ್ತಾ ಇಲ್ಲ. ಸಿಕ್ಕಿದ್ರೆ ಎರಡು ಮಾತಾಡೋದಿತ್ತು.”

ಎರಡನೇ ಮಹಡಿಯ ಟೈಲರಮ್ಮನ ತೊಡೆಯ ಮೇಲೆ ನಾಲ್ಕು ವರ್ಷದ ಪುಟ್ಟಿ ಬಾಡಿದ ಎಲೆಯಂತೆ ಮಲಗಿದ್ದಳು. ಹಿಂದಿನ ದಿನದಿಂದ ಭೇದಿ. ನರ್ಸ್ ಮಗುವಿನ ಕೆನ್ನೆ ಮುಟ್ಟಿ, ಚರ್ಮ ಚಿವುಟಿ ನೋಡಿ, ಉಪ್ಪು-ಸಕ್ಕರೆ ಪುಡಿಯ ಪೊಟ್ಟಣಗಳನ್ನು ಕೊಟ್ಟಳು. “ಮಾತ್ರೆ ಹಾಕಿದ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡ್ತಾ ಇರಿ. ಬೇರೆ ನೀರಲ್ಲಿ ಕಲಸಿದ್ರೆ ಕೊಡೋದೂ ಒಂದೇ, ಬಿಡೋದೂ ಒಂದೇ.” ಆಮೇಲೆ ಮಾತ್ರೆಯ ಪಟ್ಟಿಗಳನ್ನು ಮೆಟ್ಟಿಲ ಮೇಲೆ ಇಟ್ಟು ಮುಂದಿನ ಕಟ್ಟಡಕ್ಕೆ ಹೋದಳು.

ಟೈಲರಮ್ಮ ಪೊಟ್ಟಣ ಹಿಡಿದು ಕೂತೇ ಇದ್ದಳು. “ಅಣ್ಣಾ, ನೀವೇ ಹೇಳಿ. ಹೆಣ್ಣುಮಗು. ಕೂದಲು ಹೋದ್ರೂ ಹೋಗ್ಲಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ. ಆದ್ರೆ ನೆನಪಿನ ಶಕ್ತಿ ಹೋದ್ರೆ ನನ್ನನ್ನೇ ಮರೆತುಬಿಡ್ತಾಳಲ್ವಾ?”

ಪುಟ್ಟಿ ಕಣ್ಣು ಅರ್ಧ ತೆರೆದು, “ಮಾಮ, ನೀರು,” ಎಂದಳು.

ತಾನು ಸೇರಿಸಿದ ಆ ಒಂದು ಸಾಲು ಈಗ ಮಗುವಿಗೂ ಲೋಟಕ್ಕೂ ನಡುವೆ ಕೂತಿದೆ ಎಂಬುದು ಕನ್ನಡಕದಣ್ಣನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮಾತ್ರೆಯ ಪಟ್ಟಿ ಎತ್ತಿಕೊಂಡ. ಸಂಪಿನಿಂದ ಬಕೆಟಿನಲ್ಲಿ ನೀರೆತ್ತಿ, ಒಗೆದಿಟ್ಟಿದ್ದ ತನ್ನ ಬಿಳಿ ಪಂಚೆಯನ್ನೇ ತಂದು ನಾಲ್ಕಾಗಿ ಮಡಿಸಿ ಕ್ಯಾನಿನೊಳಕ್ಕೆ ಸೋಸಿ, ಮಾತ್ರೆ ಹಾಕಿ ಮುಚ್ಚಿದ. ಅರ್ಧ ಗಂಟೆ ಅದರ ಪಕ್ಕದಲ್ಲೇ ಕಾವಲು ಕೂತ. ಆಮೇಲೆ ಎಲ್ಲರೆದುರಿಗೆ ದೊಡ್ಡ ಲೋಟ ತುಂಬಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, “ನೋಡಿ, ಏನೂ ಆಗಲಿಲ್ಲ,” ಎಂದ.

ಮೇಷ್ಟ್ರು ಅವನ ನುಣ್ಣನೆಯ ತಲೆಯನ್ನು ಎಡದಿಂದ ಬಲಕ್ಕೆ ಪರೀಕ್ಷಿಸಿದರು. “ಅಲ್ರೀ, ಉದುರೋಕೆ ಅಲ್ಲಿ ಏನಿತ್ತು? ಸೊನ್ನೆಯಿಂದ ಎಷ್ಟು ಕಳೆದರೂ ನಮಗೆ ಗೊತ್ತಾಗೋದು ಹೇಗೆ? ಈ ಪ್ರಯೋಗ ನಡೆಯಲ್ಲ.”

ಮೆಟ್ಟಿಲ ಮೇಲಿದ್ದವರು ಅದು ಸರಿಯೆಂದು ತಲೆದೂಗಿದರು.

ಕನ್ನಡಕದಣ್ಣ ಲೋಟ ಕೆಳಗಿಟ್ಟ. “ಒಂದು ವಿಷಯ ಹೇಳ್ಬೇಕು. ಯಾವ ಡಾಕ್ಟರೂ ಹಾಗೆ ಹೇಳಿಲ್ಲ. ನನಗೆ ಪರಿಚಯದ ಡಾಕ್ಟರೇ ಇಲ್ಲ. ಆ ಸಾಲು ನಾನೇ ಸೇರಿಸಿದ್ದು.”

ಬದುಕಿನಲ್ಲಿ ಇಷ್ಟು ಕಷ್ಟಪಟ್ಟು ಅವನು ಇನ್ನೊಂದು ಮಾತನ್ನು ಆಡಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಭುಜ ಕುಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಮೇಷ್ಟ್ರು ಬಹಳ ಮರುಕದಿಂದ ಅವನ ಕೈ ಹಿಡಿದುಕೊಂಡರು.

“ನೋಡಿದ್ರಾ,” ಎಂದು ಉಳಿದವರತ್ತ ತಿರುಗಿದರು. “ವಾರ ಆಗಿಲ್ಲ ಬರೆದು. ದೊಡ್ಡ ಡಾಕ್ಟರು ಅಂತ ಬರೆದಿದ್ದನ್ನ ನಾನು ಈ ಕಣ್ಣಲ್ಲೇ ಓದಿದೀನಿ. ಒಂದೇ ಲೋಟ ಕುಡಿದ್ರು, ಡಾಕ್ಟರೇ ಮರೆತುಹೋದ್ರು.”

“ಮರೆತಿಲ್ಲ ಮೇಷ್ಟ್ರೇ. ಇರಲೇ ಇಲ್ಲ.”

“ಮರೆತವರು ಹಾಗೇ ಹೇಳೋದು,” ಎಂದರು ಮೇಷ್ಟ್ರು, ಇನ್ನೂ ಮೆತ್ತಗೆ. “ಹೋಗಿ ಸ್ವಲ್ಪ ಮಲಗಿ. ಮನೆ ಯಾವುದು ಅಂತ ನೆನಪಿದೆ ತಾನೆ?”

ಟೈಲರಮ್ಮ ಮಗುವನ್ನು ಎದೆಗವಚಿಕೊಂಡು ಎರಡು ಮೆಟ್ಟಿಲು ಹಿಂದೆ ಸರಿದಳು.

ಸುಳ್ಳನ್ನು ಒಂದೇ ಬೆರಳಲ್ಲಿ ಅಷ್ಟು ಜನರಿಗೆ ಮುಟ್ಟಿಸಿದ್ದವನು ಈಗ ನಿಜವನ್ನು ಬಾಯಿಬಿಟ್ಟು ಹೇಳಿದರೂ ಒಬ್ಬರೂ ಕೊಳ್ಳುತ್ತಿಲ್ಲ. ಕಾಲೆಳೆಯುತ್ತ ಮನೆಯೊಳಗೆ ಹೋದ. ಅಡುಗೆಮನೆಯಲ್ಲಿ ಹೆಂಡತಿ ಬಾಟಲಿಯಲ್ಲಿ ಉಳಿದಿದ್ದ ಒಳ್ಳೆಯ ನೀರನ್ನು ಅವನ ಲೋಟಕ್ಕೆ ಬಗ್ಗಿಸುತ್ತಿದ್ದಳು. ಕೊನೆಯ ಹನಿ ಬೀಳಲೆಂದು ಬಾಟಲಿಯ ತಳ ತಟ್ಟುತ್ತಿದ್ದಳು.

“ಇದು ಕೊನೇದು. ಕುಡೀರಿ.”

“ನಿನಗೆ?”

“ನಂದಾಯ್ತು.”

ಅವಳ ತುಟಿ ಒಡೆದಿತ್ತು. ಮಾತಾಡುವಾಗ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ದಿನವಿಡೀ ಕಣ್ಣಿನ ವ್ಯಾಪಾರ ಮಾಡುವವನಿಗೆ ಅದು ಆಗಲೇ ಕಂಡದ್ದು.

“ನಿನ್ನೆಯಿಂದ ನೀನು ಏನು ಕುಡಿದೆ?”

“ಬಾಯಿ ಒದ್ದೆ ಮಾಡ್ಕೊಂಡೆ. ಸಂಪಿಂದು ಹೇಗೂ ಕುಡಿಯೋ ಹಾಗಿಲ್ಲ. ಮಾತ್ರೇದೂ ಕುಡಿಯೋ ಹಾಗಿಲ್ಲ ಅಂತ ನೀವೇ ಓದಿ ಹೇಳಿದ್ರಲ್ಲ.”

ಅವನು ನೆಲದ ಮೇಲೆ ಕೂತುಬಿಟ್ಟ. ಡಾಕ್ಟರು ಹುಟ್ಟಿದ ಕಥೆಯನ್ನು, ಅಂಗಡಿಯ ಸ್ಟೂಲಿನಿಂದ ಹಿಡಿದು ಮೇಷ್ಟ್ರ ಮರುಕದವರೆಗೆ, ಒಂದೂ ಬಿಡದೆ ಹೇಳಿದ. ಹೆಂಡತಿ ನಡುವೆ ಬಾಯಿ ಹಾಕಲಿಲ್ಲ. ಅವಳು ಬಾಯಿ ಹಾಕದಿದ್ದರೆ ಅವನಿಗೆ ಹೆಚ್ಚು ಭಯ.

“ಗುಂಪಿನವರಿಗೆ ಸುಳ್ಳು ಹೇಳಿದ್ದು ಒಂದು,” ಎಂದಳು ಕೊನೆಗೆ. “ನನಗೂ ಅದೇ ಡಾಕ್ಟರ ಕಥೆ ಹೇಳಿದ್ರಲ್ಲ. ನಿಮಗೆ ಯಾವ ಡಾಕ್ಟರು ಪರಿಚಯ ಅಂತ ಯೋಚನೆ ಕೂಡ ಮಾಡದೆ ನಾನೂ ನಂಬಿದೆ. ಸಂದೇಶ ಅಂತ ಅಲ್ಲ, ನೀವು ಅಂತ.”

ಅವನು ನೀರಿದ್ದ ಲೋಟವನ್ನು ಅವಳತ್ತ ಸರಿಸಿದ.

ಅವಳು ಎದ್ದು, ಅವನಿಗೆಂದು ಬಗ್ಗಿಸಿದ ನೀರನ್ನು ಮುಚ್ಚಿಟ್ಟಳು. ತುರುಬು ಬಿಚ್ಚಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ಸೊಂಟದ ಕೆಳಗೆ ಇಳಿಯುವ ಜಡೆ ಅದು. ಇಡೀ ಬೀದಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. “ನಡೀರಿ. ಕ್ಯಾನು ಎಲ್ಲಿದೆ?”

ಮೆಟ್ಟಿಲ ಮೇಲೆ ಅವಳು ಒಂದು ಲೋಟ ಕುಡಿದಳು. ನಿಲ್ಲಿಸದೆ ಇನ್ನೊಂದು ಕುಡಿದಳು. ಮೂರನೆಯದನ್ನು ನಿಧಾನವಾಗಿ, ಕಣ್ಣುಮುಚ್ಚಿ ಕುಡಿದಳು. ಅವಳಿಗೆ ಎಷ್ಟು ಬಾಯಾರಿತ್ತೆಂದು ನೋಡುತ್ತ ನಿಂತವನ ಕಣ್ಣು ಮಂಜಾಯಿತು. ಆಮೇಲೆ ಅವಳು ಜಡೆಯ ತುದಿಯನ್ನು ಮೇಷ್ಟ್ರ ಕೈಗೆ ಕೊಟ್ಟಳು. “ಎಳೀರಿ.”

ಮೇಷ್ಟ್ರು ಎರಡು ಬೆರಳಲ್ಲಿ ಹಿಡಿದು ಅಂಜುತ್ತ ಎಳೆದರು. ಜಡೆ ಅಲ್ಲಾಡಲಿಲ್ಲ.

“ಕೂದಲು ಸರಿ, ಅತ್ತಿಗೆ,” ಎಂದಳು ಟೈಲರಮ್ಮ. “ನೆನಪು?”

“ನೆನಪಾ?” ಅವಳು ಮೆಟ್ಟಿಲ ಮೇಲೆ ಅನುಕೂಲವಾಗಿ ಕೂತಳು. “ಹೋದ ಬೇಸಿಗೇಲಿ ಒಂದು ದಿನಕ್ಕೆ ಅಂತ ನಮ್ಮನೆ ಏಣಿ ತಗೊಂಡು ಹೋದವರು ಮೇಷ್ಟ್ರು. ಇನ್ನೂ ಇಳಿದಿಲ್ಲ ಅಂತ ಕಾಣುತ್ತೆ. ಅದಕ್ಕೂ ಮುಂಚೆ ನಮ್ಮ ಇಸ್ತ್ರಿಪೆಟ್ಟಿಗೆ ತಗೊಂಡು ಅವರ ಪ್ಯಾಂಟು ಸುಟ್ಟುಕೊಂಡು, ಪೆಟ್ಟಿಗೇನೇ ಸರಿಯಿಲ್ಲ ಅಂದ್ರು. ಟೈಲರಮ್ಮ, ನನ್ನ ನೀಲಿ ರವಿಕೆ ಬಟ್ಟೇಲಿ ಒಂದು ಮೊಳವೂ ಉಳಿಯಲೇ ಇಲ್ಲ ಅಂದೆ ನೀನು. ಆಮೇಲೆ ಪುಟ್ಟಿಗೆ ನೀಲಿ ಫ್ರಾಕು ಬಂತು. ಚೆನ್ನಾಗಿತ್ತು, ಅದಕ್ಕೇ ಸುಮ್ಮನಿದ್ದೆ. ಇನ್ನು ಕೆಳಗಿನ ಮನೆಯವರು, ಆ ಛತ್ರಿ…”

“ಸಾಕು ಅತ್ತಿಗೆ,” ಎಂದರು ಕೆಳಗಿನ ಮನೆಯವರು.

“ನೆನಪು ಗಟ್ಟಿಯಾಗೇ ಇದೆ,” ಎಂದರು ಮೇಷ್ಟ್ರು ಅವಸರವಸರವಾಗಿ. “ಸಾಬೀತಾಯ್ತು. ಇನ್ನು ಮುಂದುವರಿಸೋ ಅಗತ್ಯ ಇಲ್ಲ.”

“ಇನ್ನೊಂದಿದೆ,” ಎಂದಳು ಅವಳು. “ನಮ್ಮ ಮದುವೆಯಾದಾಗಿನಿಂದ ಇವರಿಗೆ ಒಬ್ಬ ಡಾಕ್ಟರೂ ಪರಿಚಯ ಇಲ್ಲ. ಜ್ವರ ಬಂದ್ರೆ ಔಷಧಿ ಅಂಗಡಿಯವನನ್ನ ಕೇಳ್ತಾರೆ.”

ಈಗ ಮೆಟ್ಟಿಲಿನಲ್ಲಿದ್ದವರು ಕನ್ನಡಕದಣ್ಣನನ್ನು ನೋಡಿದ ರೀತಿ ಬೇರೆಯೇ ಇತ್ತು. ಮೇಷ್ಟ್ರಂತೂ, “ಹಾಗಾದ್ರೆ ಆ ಕೆಟ್ಟ ಕಿರಣ? ಸೆಖೇಲಿ ಕಿಟಕಿ ಮುಚ್ಚಿ ಮಲಗಿದ್ನಲ್ರೀ ನಾನು,” ಎಂದು ಗೊಣಗಿದರು. ಬರಬೇಕಾದ ಬೈಗುಳ ಆಮೇಲೆ ಸಾವಕಾಶವಾಗಿ ಬಂತು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಲೇ ಮುಂದಿನ ಕ್ಯಾನಿಗೆ ನೀರು ಸೋಸಿದ.

ಟೈಲರಮ್ಮ ಅದಕ್ಕೆಲ್ಲ ನಿಲ್ಲಲಿಲ್ಲ. ಪೊಟ್ಟಣ ಒಡೆದು, ಮಾತ್ರೆ ಹಾಕಿದ ನೀರಿನಲ್ಲಿ ಪುಡಿ ಕಲಸಿ, ಚಮಚದಲ್ಲಿ ಪುಟ್ಟಿಯ ಬಾಯಿಗೆ ಹನಿಸುತ್ತ ಕೂತಳು. ಮೊದಲೆರಡು ಸಲ ಮಗು ಕಕ್ಕಿತು. ತಾಯಿ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಪುಟ್ಟಿ ಕಣ್ಣುಬಿಟ್ಟು, ಈ ನೀರಿಗೆ ಈಜುಕೊಳದ ವಾಸನೆ ಬರುತ್ತದೆಂದು ದೂರು ಹೇಳಿದಳು. ಆ ದೂರು ಕೇಳಿ ಇಡೀ ಕಟ್ಟಡ ನಿಟ್ಟುಸಿರುಬಿಟ್ಟಿತು.

ಮರುದಿನ ನರ್ಸಿನ ದೋಣಿ ಮತ್ತೆ ಬಂದಾಗ ಮೆಟ್ಟಿಲ ಮೇಲೆ ಕ್ಯಾನುಗಳು ಸಾಲಾಗಿದ್ದವು. ಅವಳು ಪುಟ್ಟಿಯ ಕೆನ್ನೆ ಮುಟ್ಟಿ ನೋಡಿದಳು, ಮಾತ್ರೆಯ ಖಾಲಿ ಪಟ್ಟಿಗಳನ್ನು ನೋಡಿದಳು. “ಪರವಾಗಿಲ್ವೇ. ಇಲ್ಲಿ ಹೇಗೋ ಒಪ್ಕೊಂಡ್ರಿ. ಹಿಂದಿನ ಬೀದೀಲಿ ಒಬ್ಬರೂ ಮುಟ್ತಿಲ್ಲ. ನಾಲ್ಕು ಮಕ್ಕಳು ಮಲಗಿಬಿಟ್ಟಿವೆ. ಕೇಳಿದ್ರೆ ಅದೇ ಡಾಕ್ಟರ ಮಾತು.”

ಕನ್ನಡಕದಣ್ಣ ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿಕೊಂಡು ಒಂದೆರಡು ಮೆಟ್ಟಿಲು ನೀರಿಗಿಳಿದ. ಸೋಸಿದ ಕ್ಯಾನೊಂದನ್ನು ದೋಣಿಯೊಳಗೆ ಇಟ್ಟ.

“ಸಿಸ್ಟರ್, ಆ ಡಾಕ್ಟರು ನಾನೇ.”

ನರ್ಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಡಬೇಕೆಂದಿದ್ದ ಎರಡು ಮಾತು ಬಾಯಿಯವರೆಗೂ ಬಂದಂತಿತ್ತು. ಆಮೇಲೆ ಏನೆನ್ನಿಸಿತೋ, ಔಷಧಿಯ ಡಬ್ಬ ಪಕ್ಕಕ್ಕೆ ಸರಿಸಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.

“ಇಬ್ಬರಿಗೆ ಮಾಡಿ,” ಎಂದು ಹೆಂಡತಿ ಮೆಟ್ಟಿಲಿಳಿದು ಬಂದಳು. ಗಂಡನ ಭುಜದ ಮೇಲೆ ಕೈಯೂರಿ ದೋಣಿ ಹತ್ತಿ, ಅವನಿಗೂ ಕೈ ಕೊಟ್ಟು ಎಳೆದುಕೊಂಡಳು. “ಮೊದಲು ನನ್ನ ತಮ್ಮನ ಮನೆಗೆ. ಇವರ ಮಾತಿಗೆ ಕೈಮುಗಿದವನು ಅವನೇ.”