ಅಂಗಳದ ಜಾಲರಿ

ಮೂಂಟಾ ಊರಿನಲ್ಲಿ ಲಿಂಡ್ಸೆ ಟ್ರೆಥೋವನ್ ಮನೆಯ ನಕ್ಷೆ ಬರೆದನೆಂದರೆ ಕೊಳಾಯಿಯವರು ಮತ್ತೆ ಅಳತೆ ಹಿಡಿಯುತ್ತಿರಲಿಲ್ಲ, ಅಷ್ಟು ನಂಬಿಕೆ. ಈಗ ನಕ್ಷೆ ಬಿಡಿಸುವ ಹಳೆಯ ಸಾಫ್ಟ್‌ವೇರ್ ಕೈಕೊಟ್ಟಿತ್ತು. ನೋಡಲೆಂದು ತರಿಸಿದ್ದ ಎರಡರಲ್ಲಿ ಒಂದನ್ನು ಆರಿಸಬೇಕು, ಅದರ ಪರವಾನಗಿಯೂ ಒಬ್ಬರ ಹೆಸರಿಗೆ ಮಾತ್ರ; ಹೆಸರಿದ್ದವರೇ ನಕ್ಷೆ ಬರೆಯಬೇಕು. ಜೊತೆಗೇ ಕೆಲಸ ಮಾಡುವ ಮಗಳು ಮೆರಿನ್‌ಗೆ ಸಂಕಟ. ಅಪ್ಪ ಇತ್ತೀಚೆಗೆ ಕೇಳಿದ್ದನ್ನೇ ಕೇಳುತ್ತಿದ್ದ. ಹಾಗೆಂದು ಕೆಲಸವನ್ನೂ ಕಿತ್ತುಕೊಂಡರೆ ಆ ಜೀವಕ್ಕೆ ಉಳಿಯುವುದಾದರೂ ಏನು?

"ಮೊದಲನೇದೇ ಸಾಕು ಬಿಡು," ಎಂದ ಲಿಂಡ್ಸೆ, ಪ್ಯಾಸ್ಟಿ ಕಡುಬಿನ ಮೇಲೆ ಸಾಸ್ ಸುರಿಯುತ್ತ. "ಹೇಳಿದ್ದನ್ನ ಗೀಚುತ್ತೆ, ಬಾಯಿ ಮಾಡಲ್ಲ. ನಿಮ್ಮಮ್ಮನಿಗಿಂತ ವಾಸಿ."

"ಎರಡನೇದನ್ನೂ ನೋಡಪ್ಪಾ. ಬಿಲ್ಡರುಗಳು ಅದನ್ನೇ ಕೇಳ್ತಾರೆ."

ಮಾತಿಗೆ ಅಂದದ್ದಷ್ಟೇ. ಮೊದಲನೆಯದನ್ನೇ ಅಪ್ಪನ ಹೆಸರಿಗೆ ಕೊಳ್ಳುವುದೆಂದು ಅವಳು ಆಗಲೇ ನಿಶ್ಚಯಿಸಿದ್ದಳು.

ಅವನು ಎರಡನೆಯದರಲ್ಲಿ ಒಂದು ಮನೆ ಬರೆದ. ಪರದೆ ಕೆಂಪಾಯಿತು.

"ಏನಂತೆ ಇದರ ಗೋಳು?"

"ಹೊರಗಿನ ಜಾಲರಿ ಬಚ್ಚಲ ನೆಲಕ್ಕಿಂತ ಮೇಲಿದೆಯಂತೆ."

ಪೈಪು ಕಟ್ಟಿಕೊಂಡರೆ ಹೊಲಸು ಮನೆಯೊಳಗೆ ನುಗ್ಗದೆ ಅಂಗಳದಲ್ಲೇ ಉಕ್ಕಲೆಂದು ಇಡುವ ಜಾಲರಿ ಅದು. ತಗ್ಗಿನಲ್ಲೇ ಇರಬೇಕು. ಊರಿನ ಹುಡುಗರಿಗೆಲ್ಲ ಇದನ್ನು ಬೈದು ಬೈದು ಕಲಿಸಿದವನೇ ಲಿಂಡ್ಸೆ. ಹಾಳು ಮರೆವು, ಹೋಗಿ ಹೋಗಿ ಅದಕ್ಕೇ ಕೈ ಹಾಕಬೇಕೆ!

ಅವನ ನಗು ಇಂಗಿಹೋಯಿತು. "ಪಕ್ಕದೂರು ವಾಲರೂನಲ್ಲಿ ಆ ಮುದುಕಿ ಐವಿಗೆ ಮನೆ ಬರೆದುಕೊಟ್ಟೆನಲ್ಲ, ಅದನ್ನ ಇದಕ್ಕೆ ಹಾಕು."

"ಬೇಡಪ್ಪಾ."

"ಹಾಕು ಅಂದ್ನಲ್ಲ!"

ಅಲ್ಲೂ ಕೆಂಪು. ಆ ಮನೆ ಕಟ್ಟಿ ಮುಗಿದಿತ್ತು. ಲಿಂಡ್ಸೆ ಬರೆದದ್ದೆಂದು ಒಬ್ಬನೂ ಪರೀಕ್ಷಿಸಿರಲಿಲ್ಲ.

"ಇದನ್ನೇ ತಗೋ. ನಿನ್ನ ಹೆಸರು ಹಾಕು," ಎಂದ.

"ಇಬ್ಬರೂ ಸೇರಿ ಮಾಡೋಣ..."

"ಬೆಣ್ಣೆ ಹಚ್ಚಬೇಡ, ಮಗಾ. ಒಂಟಿ ಹೆಂಗಸು ಅವಳು. ಆ ಹೊಲಸೆಲ್ಲ ಅವಳ ಬಚ್ಚಲಿಗೆ..." ಅವನು ಫೋನ್ ಎಳೆದುಕೊಂಡ. "ಫೋನ್ ನಾನೇ ಮಾಡ್ತೀನಿ. ತಪ್ಪು ನಂದು."

ಮಾಡಿದ. ಐವಿಗೆ ಎಲ್ಲ ಹೇಳಿ, ಜಾಲರಿ ತಗ್ಗಿಸಿಕೊಡುತ್ತೇವೆಂದ, ಕ್ಷಮೆ ಕೇಳಿದ, ಫೋನ್ ಇಟ್ಟ. ಮೆರಿನ್ ತನ್ನ ಹೆಸರು ಒತ್ತಿದಳು. ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ಅಪ್ಪನನ್ನು ತಾನೇ ಹೊರಗೆ ಕಳಿಸಿದ ಹಾಗಾಯಿತು.

ಅವಳ ಬೆನ್ನ ಹಿಂದೆ ಅವನು ಮತ್ತೆ ಅದೇ ನಂಬರ್ ಒತ್ತುತ್ತಿದ್ದ.

"ಐವಿ, ನಾನು ಲಿಂಡ್ಸೆ. ಒಂದು ಕೆಟ್ಟ ಸುದ್ದಿ ಇದೆಯಮ್ಮ, ಕೂತ್ಕೋ."

ಮೆರಿನ್ ಎದ್ದು ಫೋನಿಗೆ ಕೈಚಾಚಿದಳು. ಅಷ್ಟರಲ್ಲಿ ಆ ಕಡೆಯಿಂದ ಮುದುಕಿಯ ದನಿ, ಮೊದಲ ಸಲ ಕೇಳುವವಳ ಹಾಗೆ, ಮೆಲ್ಲಗೆ:

"ಹೌದಾ ಲಿಂಡ್ಸೆ? ಏನಾಯ್ತಪ್ಪಾ, ಹೇಳು."