ಬಾಯಿ ಮೇಲೆ ಬೆರಳು

ದುಡಿಯದೆ ಉಣ್ಣುವವರನ್ನು ಕಂಡರೆ ಟೀಚರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೂತು ಆಕಳಿಸಿದವರನ್ನು ನಿಲ್ಲಿಸಿ, ನಿಂತು ಆಕಳಿಸಿದವರನ್ನು ಹೊರಗಟ್ಟಿ, ಒಂದು ತಲೆಮಾರನ್ನೇ ತಿದ್ದಿ ನಿವೃತ್ತಳಾದ ಆಕೆಗೆ ದೈವ ಕೊಟ್ಟ ತಮ್ಮನೋ, ರೇಡಿಯೋ ನಿಲಯದ ವಾದ್ಯಮೇಳದಲ್ಲಿ ಟ್ರಂಪೆಟ್ ಹಿಡಿದು ಕೂರುವವನು. ಊದುವವನು ಎನ್ನಲು ಆಕೆಯ ಸತ್ಯನಿಷ್ಠೆ ಒಪ್ಪುತ್ತಿರಲಿಲ್ಲ. ಪಿಟೀಲಿನವರು ಬೆವರು ಸುರಿಸುತ್ತಿರುವಾಗ, ಡ್ರಮ್ಮಿನವನು ತೋಳು ಕಳಚಿ ಬೀಳುವಂತೆ ಬಡಿಯುತ್ತಿರುವಾಗ, ಇವನು ವಾದ್ಯವನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣು ಮುಚ್ಚಿರುತ್ತಿದ್ದ. ಹಾಡು ಇನ್ನೇನು ಮುಗಿಯಿತು ಎನ್ನುವಾಗ ಅದನ್ನೆತ್ತಿ ಎರಡೋ ಮೂರೋ ಸ್ವರ ಊದಿ ಮತ್ತೆ ಮಲಗಿಸುತ್ತಿದ್ದ. ಮೇಳದವರು ಅವನನ್ನು ‘ಅರೆಸ್ವರ’ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಪ್ರೀತಿಯಿತ್ತು. ಅಕ್ಕನಿಗೆ ಕೇಳಿಸಿದ್ದು ಅವಮಾನ ಮಾತ್ರ.

ಆ ವಾರ ಮೇಳಕ್ಕೆ ಪರವೂರಿನಿಂದ ಹೊಸ ನಿರ್ದೇಶಕ ಬಂದ. ಅಭ್ಯಾಸದ ವೇಳೆ ತುಟಿಗೆ ವಾದ್ಯ ತಾಗಿಸುವ ರೂಢಿಯೇ ಅರೆಸ್ವರನಿಗಿರಲಿಲ್ಲ; ಉಳಿದವರು ನುಡಿಸುವುದನ್ನು ಕೇಳುವುದೇ ಅವನ ಅಭ್ಯಾಸ. ಹೊಸಬನಿಗೆ ಇದೇನು ಗೊತ್ತು? ಭಾನುವಾರದ ನೇರ ಪ್ರಸಾರ ಕೇಳಿ, ಈ ಕುರ್ಚಿ ಮೇಳಕ್ಕೆ ಬೇಕೋ ಬೇಡವೋ ತೀರ್ಮಾನಿಸುತ್ತೇನೆಂದು ಎಲ್ಲರೆದುರೇ ಹೇಳಿಬಿಟ್ಟ.

ಊಟಕ್ಕೆ ಕೂತ ತಮ್ಮ ಇದನ್ನು ನಗುತ್ತಲೇ ವರದಿ ಮಾಡಿದ. ಬಡಿಸುತ್ತಿದ್ದ ಹೆಂಡತಿಯ ಸೌಟು ನಿಂತಿತು. ಟೀಚರಕ್ಕ ಮಾತ್ರ ನಿರ್ದೇಶಕನ ಪಕ್ಷ ಹಿಡಿದು, ಮೈಗಳ್ಳತನವು ಕಳ್ಳತನದ ತಮ್ಮನೆಂಬಲ್ಲಿಂದ ಆರಂಭಿಸಿ, ಅನ್ನ ಆರುವವರೆಗೂ ಪಾಠ ಮಾಡಿದಳು.

“ಕೊಟ್ಟ ಹಾಳೆ ತುಂಬಿಸದವನಿಗೆ ನಾನು ಯಾವತ್ತೂ ಪಾಸು ಹಾಕಿಲ್ಲ. ಭಾನುವಾರ ನೀನೂ ತುಂಬಿಸು.”

“ತುಂಬಿಸಿದ್ರೆ ಅದು ನಾನಾಗಿರಲ್ಲ ಅಕ್ಕಾ.”

“ನೀನಾಗಿರೋದಕ್ಕೇ ಈ ಗತಿ ಬಂದಿರೋದು.”

ಹೆಂಡತಿಯ ಕಣ್ಣಂಚು ಒದ್ದೆಯಾದದ್ದನ್ನು ನೋಡಿ ಅವನು ಆಗಲಿ ಎಂದು ತಲೆಯಾಡಿಸಿದ.

ಭಾನುವಾರ ಬೆಳಿಗ್ಗೆ ಮೊದಲ ಹಾಡು ಶುರುವಾದದ್ದೇ ತಡ, ಹರಿದ ಚೀಲದಿಂದ ಕಾಳು ಸುರಿದಂತೆ ಟ್ರಂಪೆಟ್ಟಿನ ಸ್ವರಗಳು ರೇಡಿಯೋದಿಂದ ಸುರಿಯತೊಡಗಿದವು. ಟೀಚರಕ್ಕ ಹೊಲಿಗೆ ಹಿಡಿದು ಕೂತು, ಅಂತೂ ಬಗ್ಗಿತಲ್ಲ ಮರ ಎಂದು ತೃಪ್ತಿಪಟ್ಟಳು. ಹಾಡಿನ ಮೇಲೆ ಹಾಡು ಮುಗಿದು ಕೊನೆಯದು ಬರುವ ಹೊತ್ತಿಗೆ ತಮ್ಮನ ಹೆಂಡತಿ ಸೋಪಿನ ಕೈಯಲ್ಲೇ ಓಡಿಬಂದಳು.

“ಅತ್ತಿಗೆ, ಇವರಿಗೇನಾಯ್ತು? ಊದ್ತಿರೋದು ಯಾರು?”

“ಇನ್ಯಾರು, ನಿನ್ನ ಗಂಡನೇ.”

“ಅಲ್ಲ ಅತ್ತಿಗೆ. ಇದು ಯಾರು ಬೇಕಾದ್ರೂ ಆಗಿರಬಹುದು.”

ಟೀಚರಕ್ಕನ ಸೂಜಿ ನಿಂತಿತು. ಪ್ರತಿ ಭಾನುವಾರವೂ ಅದು ಹೀಗೆ ನಿಲ್ಲುತ್ತಿತ್ತು, ತಮ್ಮನ ಸ್ವರ ಬರುವ ತುಸು ಮುಂಚೆ. ಇದನ್ನು ಆಕೆ ಯಾರೊಡನೆಯೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ. ಸುಮ್ಮನಿರುತ್ತಾನೆಂದು ಬೈಯುತ್ತಲೇ, ಬರುತ್ತಾನೆಂದು ಉಸಿರು ಹಿಡಿದು ಕಾಯುತ್ತಿದ್ದಳು. ಇಂದು ಕಾಯಲು ಏನೂ ಇರಲಿಲ್ಲ. ಹೆಸರು ಬರೆಯದ ಉತ್ತರಪತ್ರಿಕೆಯನ್ನೂ ಅಕ್ಷರದಿಂದಲೇ ಇಂಥವನದೆಂದು ಹೇಳಬಲ್ಲ ಆಕೆಗೆ ಒಡಹುಟ್ಟಿದವನ ಸ್ವರದ ಗುರುತು ಹತ್ತಲಿಲ್ಲ. ಒಬ್ಬ ಮನುಷ್ಯನ ಕೈಬರಹವನ್ನೇ ಅಳಿಸಿ ಹಾಕುವುದು ಎಂಥ ಅನ್ಯಾಯ! ಅನ್ಯಾಯ ಯಾರೇ ಮಾಡಲಿ, ಎದ್ದು ನಿಂತು ಖಂಡಿಸಬೇಕೆಂದು ಕಲಿಸಿದವಳು ಆಕೆ. ಇಂದು ಮಾಡಿದವಳೂ ಆಕೆಯೇ. ಆದ್ದರಿಂದ ಎದ್ದಳು. ಖಂಡಿಸುತ್ತ ಕೂರಲು ವ್ಯವಧಾನವಿರಲಿಲ್ಲ; ಓಡಿದಳು.

ನಿಲಯವಿದ್ದದ್ದು ಹಿಂದಿನ ಬೀದಿಯಲ್ಲೇ. ಗೇಟಿನ ಕಾವಲುಗಾರ ಹಳೆಯ ಶಿಷ್ಯ. ಟೀಚರನ್ನು ಕಂಡದ್ದೇ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಎದ್ದು ನಿಂತ. ಗುರುತಿನ ಚೀಟಿ ಕೇಳುವ ಧೈರ್ಯ ಅವನಿಗೆ ಬರುವಷ್ಟರಲ್ಲಿ ಆಕೆ ಮೆಟ್ಟಿಲೇರಿಯಾಗಿತ್ತು.

ಕೆಂಪು ದೀಪ ಉರಿಯುತ್ತಿತ್ತು. ಕೊನೆಯ ಹಾಡು ಅರ್ಧಕ್ಕೆ ಬಂದಿತ್ತು. ಗಾಜಿನಾಚೆ ತಮ್ಮನು ಕೆನ್ನೆಯುಬ್ಬಿಸಿ, ಬೆವತು, ಸಾಲ ತೀರಿಸುವವನಂತೆ ಊದುತ್ತಿದ್ದ. ಒಳಗೆ ಹೋಗುವಂತಿಲ್ಲ, ಕೂಗುವಂತಿಲ್ಲ. ಟೀಚರಕ್ಕ ಗಾಜಿಗೆ ಮುಖವೊಡ್ಡಿ ನಿಂತು, ಬದುಕಿಡೀ ಮಾಡಿದ್ದನ್ನೇ ಮಾಡಿದಳು: ಕಣ್ಣು ದೊಡ್ಡದು ಮಾಡಿ, ಬಾಯಿ ಮೇಲೆ ಬೆರಳಿಟ್ಟಳು.

ಮೊದಲು ನೋಡಿದವನು ಡ್ರಮ್ಮಿನವನು. ಅವನೂ ಆಕೆಯ ಶಿಷ್ಯನೇ. ಕೈಯ ಕೋಲು ತಾನಾಗಿ ತಗ್ಗಿತು. ಆಮೇಲೆ ತಮ್ಮ ನೋಡಿದ. ಅವನ ಭುಜಗಳು ನಗೆಯಿಂದ ಕುಲುಕಿದವು. ಟ್ರಂಪೆಟ್ ತೊಡೆಗಿಳಿಯಿತು, ಕಣ್ಣು ಮುಚ್ಚಿದವು. ಹಾಡಿಗೆ ಗುಡಿಸಿದ ಅಂಗಳದಷ್ಟು ಜಾಗ ಸಿಕ್ಕಿತು. ಊದಬೇಕಾದ ಕಡೆ ಅವನು ಊದಲಿಲ್ಲ. ಇನ್ನು ಇವನು ಊದುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ ಬಂತು ಒಂದೇ ಒಂದು ಸ್ವರ: ತಡವಾಗಿ, ಒಂದಿಷ್ಟೂ ಒಡವೆಯಿಲ್ಲದೆ, ಕೊನೆಯಲ್ಲಿ ತುಸು ಬಾಗಿ, ಬಾಗಿಲ ಸಂದಿಯಿಂದ ತಲೆ ಹಾಕಿ ‘ಊಟ ಆಯ್ತಾ’ ಎಂದು ಕೇಳುವ ನೆಂಟನಂತೆ.

ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ನಿರ್ದೇಶಕ ಎಗರಿ ಎದ್ದ. ಚಹಾ ಮಂಡಿಯ ಮೇಲೆ ಚೆಲ್ಲಿದ್ದೂ ಅವನಿಗೆ ತಿಳಿಯಲಿಲ್ಲ. ರೇಡಿಯೋದವರು ವಾದಕರ ಹೆಸರು ಹೇಳುವವರಲ್ಲ; ಪರವೂರಿನಲ್ಲಿದ್ದಾಗ ಎಷ್ಟೋ ಭಾನುವಾರ ಅರ್ಧ ಗಡ್ಡ ಹೆರೆದು ಕತ್ತಿ ಎತ್ತಿ ಹಿಡಿದು ಅವನು ಇದೇ ಸ್ವರಕ್ಕೆ ಕಾದಿದ್ದ. ಇದು ಯಾರೋ ಹಣ್ಣುಹಣ್ಣು ಮುದುಕನದು, ತಾನು ಬರುವಷ್ಟರಲ್ಲಿ ನಿವೃತ್ತನಾಗಿರಬೇಕು ಎಂದುಕೊಂಡಿದ್ದ.

ಕೆಂಪು ದೀಪ ಆರಿದೊಡನೆ ಒಳನುಗ್ಗಿ, “ಅವರು ನೀವೇನ್ರೀ?” ಎಂದ. ಮರುಕ್ಷಣ ಅರೆಸ್ವರನ ಎರಡೂ ಕೈ ಹಿಡಿದುಕೊಂಡ. ಕುರ್ಚಿ ಉಳಿಯಿತು. ಟೀಚರಕ್ಕ ನಿರ್ದೇಶಕನನ್ನೂ ಸುಮ್ಮನೆ ಬಿಡಲಿಲ್ಲ. ಕಣ್ಣಿನಿಂದ ಸಂಗೀತ ಅಳೆಯುವುದು ಎಷ್ಟು ದೊಡ್ಡ ತಪ್ಪೆಂದು, ಆ ತಪ್ಪು ತನ್ನದೂ ಹೌದೆಂದು ಸೇರಿಸಿಯೇ, ಅವನಿಗೆ ತಿಳಿಹೇಳಿದಳು. ಅವನು ಒದ್ದೆ ಪ್ಯಾಂಟಿನಲ್ಲಿ ಕೈಕಟ್ಟಿ ನಿಂತು ಕೇಳಿದ.

ಹೊರಗೆ ಬಂದ ಮೇಲೆ ತಮ್ಮನ ಸರದಿ.

“ಹುಟ್ಟಿದಾಗಿನಿಂದ ಒಂದು ದಿನ ನನ್ನ ಮಾತು ಕೇಳಿದವನಲ್ಲ. ಇವತ್ತೇ ಕೇಳಬೇಕಿತ್ತೇನೋ?”

ಅವನು ಟ್ರಂಪೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಇಬ್ಬರೂ ನಡೆದರು. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ತಮ್ಮನ ಹೆಂಡತಿಯದು ಚಪ್ಪಲಿ ಸಿಕ್ಕಿಸಿಕೊಂಡು ಬಂದಿರುವುದು ಆಕೆಗೆ ಈಗ ಕಂಡಿತು, ನಗು ಬಂತು. ಬೀದಿಯ ತಿರುವು ಬಂತು. ಮನೆಯ ಬಾಗಿಲಲ್ಲಿ ಹೆಂಡತಿ ಸೋಪಿನ ಕೈ ಬೀಸುತ್ತಿದ್ದಳು. ಇನ್ನು ಇವನು ಉತ್ತರಿಸುವುದಿಲ್ಲ ಎಂದು ಅಕ್ಕ ಕೈಬಿಟ್ಟ ಮೇಲೆ, ಅವನೆಂದ:

“ಹೂಂ.”